11 ವರ್ಷ ಶೆಡ್ಡಲ್ಲಿ ನಿಂತ ಅಂಬಾಸಡರ್ ಮಾರ್ಕ್ 4: ಹ್ಯಾಂಡಲ್ ಹೊಡೆಯುವ ಮೊದಲು ಏನೇನು ನೋಡಬೇಕು?

ಅಡಿಕೆ ಸೀಮೆ:

ಸಾಗರ ತಾಲ್ಲೂಕಿನ ಗಾಡಿ. 1986ರ ಅಂಬಾಸಡರ್ ಮಾರ್ಕ್ 4, ಪೆಟ್ರೋಲ್, 1489 ಸಿಸಿ, ಸ್ಟಿಯರಿಂಗ್ ಕೆಳಗಿನ ಗೇರು, ‘ಸಿಎ’ಯಿಂದ ಶುರುವಾಗುವ ನಂಬರು. ಬಸ್ ಸ್ಟ್ಯಾಂಡ್ ಪಕ್ಕದ ಅರಳಿಕಟ್ಟೆ ಹತ್ತಿರ ಸಾಲಾಗಿ ನಿಲ್ಲುತ್ತಿದ್ದ ಬಾಡಿಗೆ ಕಾರುಗಳಲ್ಲಿ ಊರಲ್ಲಿ ಉಳಿದಿರುವುದು ಇದೊಂದೇ. ಮೇಲಿನ ಕ್ಯಾರಿಯರ್ ಕೂಡ ಹಾಗೇ ಇದೆ. ಹಂಚಿನ ಮಾಡಿನ ಶೆಡ್ಡು, ಮಣ್ಣಿನ ನೆಲ. 11 ಮಳೆಗಾಲ ಅಲ್ಲಾಡದೆ ಕಳೆದಿದೆ. ಬ್ಯಾಟರಿ ಇಲ್ಲ, ಟ್ಯಾಂಕಿನಲ್ಲಿ ಏನೋ ಸ್ವಲ್ಪ ಕುಲುಕುತ್ತದೆ.

ಮುಂದಿನ ಮಾರಿಜಾತ್ರೆಗೆ ಪೇಟೆ ಬೀದಿಯಲ್ಲಿ ಒಂದು ಸುತ್ತು ಹೊಡೆಸಬೇಕು ಅಂತಿದೆ. ಬಂದ ಸಲಹೆಗಳು ಮೂರು. ಸೀಮೆಎಣ್ಣೆ ಹಾಕಿ ಇಂಜಿನ್ ತೊಳೆಯಿರಿ, ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಸ್ಟಾರ್ಟ್ ಮಾಡಿ, ಹೊಸ ಬ್ಯಾಟರಿ ಹಾಕಿ ಸುಮ್ಮನೆ ಸೆಲ್ಫ್ ಹೊಡೆಯಿರಿ. ಮೂರರಲ್ಲಿ ಯಾವುದು ಸರಿ? ತಿಳಿದವರು ಕೆಲಸದ ಕ್ರಮ ಬರೆದರೆ ಉಪಕಾರ.

ರಾಕರ್ ಕವರ್:

ಮೂರೂ ಬೇಡ ಮಾರಾಯ್ರೆ. ಓಡಿ ಓಡಿ ಸತ್ತ ಅಂಬಾಸಡರ್ ಕಡಿಮೆ. ನಿಂತು ಕೆಟ್ಟದ್ದನ್ನು ಅವಸರದಲ್ಲಿ ಎಬ್ಬಿಸಲು ಹೋಗಿ ಕೊಂದದ್ದೇ ಹೆಚ್ಚು.

ಟ್ರ್ಯಾಕ್ಟರ್ ಯಾಕೆ ಬೇಡ ಅಂದರೆ, ಇಷ್ಟು ವರ್ಷ ನಿಂತ ಇಂಜಿನ್ನಲ್ಲಿ ಒಂದೆರಡು ವಾಲ್ವ್ ತುಕ್ಕು ಹಿಡಿದು ಗೈಡಿನಲ್ಲಿ ಕಚ್ಚಿಕೊಂಡಿರುತ್ತದೆ. ಕೈಯಲ್ಲಿ ತಿರುಗಿಸಿದರೆ ಅದು ಬಿಗಿಯಾಗಿ ಗೊತ್ತಾಗುತ್ತದೆ, ನಿಲ್ಲಿಸಬಹುದು. ಎಳೆದು ಕ್ಲಚ್ ಬಿಟ್ಟರೆ ಕ್ಯಾಮ್ ಬಲವಂತವಾಗಿ ತಳ್ಳಿ, ವಾಲ್ವ್ ಆಡಿಸುವ ಪುಷ್ ರಾಡ್ ಬಗ್ಗುತ್ತದೆ. ರಿಂಗು ಲೈನರಿಗೆ ಅಂಟಿದ್ದರೆ ರಿಂಗೇ ಮುರಿಯುತ್ತದೆ. ಸೀಮೆಎಣ್ಣೆಯ ಕಥೆ ಬೇರೆ. ಸಂಪಿನ (ಇಂಜಿನ್ ಕೆಳಗಿನ ಎಣ್ಣೆ ತೊಟ್ಟಿ) ತಳದಲ್ಲಿ ಬೆಲ್ಲದ ಪಾಕದ ಹಾಗೆ ಕೂತ ಗಸಿಯನ್ನು ಅದು ಒಮ್ಮೆಲೇ ಸಡಿಲಿಸುತ್ತದೆ. ಗಸಿ ಹೋಗಿ ಆಯಿಲ್ ಪಂಪಿನ ಜಾಲರಿಗೆ ಕೂತರೆ ಬೇರಿಂಗಿಗೆ ಎಣ್ಣೆ ಬಂದ್. ತೊಳೆಯಲೇಬೇಕಾದರೆ ಸಂಪ್ ಬಿಚ್ಚಿ, ಜಾಲರಿ ತೆಗೆದು, ಹೊರಗೆ ತೊಳೆಯಿರಿ. ಇಂಜಿನ್ ಒಳಗೆ ಹಾಕಿ ಓಡಿಸಬೇಡಿ.

ಕ್ರಮ ಹೀಗಿರಲಿ.

ಮೊದಲು ಏರ್ ಕ್ಲೀನರ್ ಬಿಚ್ಚಿ. ಕಣಜದ ಮಣ್ಣಿನ ಗೂಡು ಅಲ್ಲೂ ಇರುತ್ತದೆ, ಸೈಲೆನ್ಸರ್ ಬಾಯಲ್ಲೂ ಇರುತ್ತದೆ. ಇಲಿ ವೈರು ಕಡಿದಿದೆಯಾ ಅಂತ ಡ್ಯಾಶ್ ಬೋರ್ಡ್ ಕೆಳಗೆ, ಬಾನೆಟ್ ಮೂಲೆಯಲ್ಲಿ, ಡಿಕ್ಕಿಯ ಎಡಬಲದಲ್ಲಿ ಟಾರ್ಚ್ ಬಿಟ್ಟು ನೋಡಿ. ಈ ಗಾಡಿಯಲ್ಲಿ ಫ್ಯೂಸ್ ಬೆರಳೆಣಿಕೆಯಷ್ಟು, ಹಾಗಾಗಿ ಶಾರ್ಟ್ ಆದರೆ ವೈರೇ ಫ್ಯೂಸು.

ನಾಲ್ಕೂ ಪ್ಲಗ್ ಬಿಚ್ಚಿ. ಅರ್ಧ ಡೀಸೆಲ್, ಅರ್ಧ ಇಂಜಿನ್ ಆಯಿಲ್ ಬೆರೆಸಿ ಒಂದೊಂದು ಸಿಲಿಂಡರಿಗೆ 10 ಮಿಲಿ, ಅಂದರೆ ಎರಡು ಟೀ ಚಮಚ ಬಿಡಿ. ಪ್ಲಗ್ ತೂತಿಗೆ ಬಟ್ಟೆ ತುರುಕಿ ಎರಡು ದಿನ ಮುಟ್ಟಬೇಡಿ. ಅಷ್ಟರಲ್ಲಿ ಸಂಪಿನ ನಟ್ ಬಿಚ್ಚಿ ಹಳೆ ಎಣ್ಣೆ ಇಳಿಸಿ. ಮೊದಲು ಒಂದು ಲೋಟ ನೀರು ಬಂದು ಆಮೇಲೆ ಕಪ್ಪು ಎಣ್ಣೆ ಬಂದರೆ ಹೆದರಬೇಡಿ, ಅದು ಮಳೆಗಾಲದ ತೇವ ಒಳಗೆ ಹನಿಗಟ್ಟಿ ತಳಕ್ಕೆ ಇಳಿದದ್ದು. ಎಣ್ಣೆಯೇ ಮಜ್ಜಿಗೆಯಂತೆ ಬೆಳ್ಳಗಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ ಪಡಿ. ಹೊಸ ಫಿಲ್ಟರು, ಸುಮಾರು 4 ಲೀಟರ್ 20ಡಬ್ಲ್ಯು40. ದುಬಾರಿ ಸಿಂಥೆಟಿಕ್ ಬೇಡ, ಹಳೆ ಸೀಲುಗಳಲ್ಲಿ ಸೋರಿ ಹೋಗುತ್ತದೆ.

ಇಂಜಿನ್ ನೆತ್ತಿಯ ಮುಚ್ಚಳ, ಅಂದರೆ ರಾಕರ್ ಕವರಿಗೆ ಎರಡೇ ನಟ್. ತೆಗೆದು ಸುಮಾರು 200 ಮಿಲಿ ಎಣ್ಣೆಯನ್ನು ರಾಕರ್ ಶಾಫ್ಟ್ ಉದ್ದಕ್ಕೂ ಸುರಿಯಿರಿ. ಇನ್ನು ಮುಂದಿನಿಂದ ತೂರಿಸಿ ಇಂಜಿನ್ ತಿರುಗಿಸುವ ಹ್ಯಾಂಡಲ್. ಗೇರ್ ನ್ಯೂಟ್ರಲ್, ಇಗ್ನಿಷನ್ ಆಫ್, ಹೆಬ್ಬೆರಳು ಉಳಿದ ಬೆರಳುಗಳ ಜೊತೆಗೇ ಒಂದೇ ಬದಿಗೆ. ಹೆಬ್ಬೆರಳು ಸುತ್ತಿ ಹಿಡಿದವರ ಮಣಿಕಟ್ಟು ಇಂಜಿನ್ ಹಿಂದೊದೆದರೆ ಉಳಿಯುವುದಿಲ್ಲ. ಕೆಳಗಿನಿಂದ ಮೇಲಕ್ಕೆ ಎಳೆಯುವುದೇ ಹೊರತು ಮೇಲಿನಿಂದ ಕೆಳಕ್ಕೆ ಒತ್ತುವುದಲ್ಲ. ಬರದಿದ್ದರೆ ಮೈಮೇಲೆ ಬಿದ್ದು ತಿರುಗಿಸಬೇಡಿ. ನಾಲ್ಕನೇ ಗೇರಿಗೆ ಹಾಕಿ ಗಾಡಿಯನ್ನು ಒಂದಿಂಚು ಹಿಂದೆ, ಒಂದಿಂಚು ಮುಂದೆ ಅಲ್ಲಾಡಿಸಿ, ಮತ್ತೆ ಎಣ್ಣೆ ಬಿಟ್ಟು ನಾಳೆಗೆ ಇಡಿ. ತಿರುಗುವಾಗ ಒಬ್ಬರು ವಾಲ್ವ್ ಒತ್ತುವ ರಾಕರುಗಳನ್ನು ನೋಡುತ್ತಿರಬೇಕು. ಎಂಟೂ ವಾಲ್ವ್ ಇಳಿದು ಮೇಲೆ ಬರಬೇಕು.

ಸ್ಪ್ಯಾನರ್ ಬಗ್ಗೆ ಒಂದು ಮಾತು. ಇದು ಇಂಚಿನ ಗಾಡಿ. 1/2 ಇಂಚಿನ ನಟ್ಟಿಗೆ 13 ಹಾಕಿದರೆ ಸಡಿಲ, ಮೂಲೆ ಉರುಟಾಗುತ್ತದೆ. 9/16ಕ್ಕೆ 14 ಹೊಗ್ಗುವುದಿಲ್ಲ, 15 ಜಾರುತ್ತದೆ. 3/4ಕ್ಕೆ ಮಾತ್ರ 19 ಸರಿಯಾಗಿ ಕೂರುತ್ತದೆ. ಒಂದು ಇಂಚಿನ ರಿಂಗ್ ಸ್ಪ್ಯಾನರ್ ಸೆಟ್ ಮೊದಲೇ ಹೊಂದಿಸಿಕೊಳ್ಳಿ. ಈಗಿನ ಹುಡುಗರ ಟೂಲ್ ಬಾಕ್ಸಿನಲ್ಲಿ ಅದು ಇರುವುದಿಲ್ಲ.

ಗದಗ ಫಿಯೆಟ್:

ರಾಕರ್ ಸರ್ ಹೇಳಿದ್ದು ಖರೇ ಐತ್ರಿ. ನಮ್ಮ ಕಡೆ ಪದ್ಮಿನಿ ಇಟ್ಟವರಿಗೂ ಇದ ಮಾತು. ಆದ್ರ ಫಿಯೆಟ್ ಪೂರಾ ಮಿಲಿಮೀಟರ್ ಗಾಡಿ, 1089 ಸಿಸಿ, ಅದರ ಪಾನಾ ಇದಕ್ಕ ಹಾಕಬ್ಯಾಡ್ರಿ. ಎರಡೂ ಗಾಡಿ ಒಂದ ಗ್ಯಾರೇಜಿನ್ಯಾಗ ಬಿಚ್ಚಿದ್ರ ಬೋಲ್ಟ್ ಬ್ಯಾರೆ ಬ್ಯಾರೆ ಡಬ್ಬಿಗೆ ಹಾಕ್ರಿ. ಇಂಚಿನ ಬೋಲ್ಟ್ ಮಿಲಿಮೀಟರ್ ತೂತಿಗೆ ಎರಡು ಸುತ್ತು ಹೋಗತೈತಿ, ಮೂರನೇ ಸುತ್ತಿಗೆ ಥ್ರೆಡ್ ಹರೀತೈತಿ.

ಬ್ಯಾಟರಿ ಜೋಡಸೂ ಮುಂದ ಒಂದು ಪರೀಕ್ಷಾ ಮಾಡ್ರಿ. 12 ವೋಲ್ಟ್ 21 ವ್ಯಾಟಿನ ಬ್ರೇಕ್ ಲೈಟ್ ಬಲ್ಬ್ ತಗೊಂಡು, ಬ್ಯಾಟರಿ ಅರ್ಥ್ ಕೊನೀಗೂ ಅರ್ಥ್ ಕೇಬಲ್ಲಿಗೂ ನಡುವ ಕಟ್ರಿ. ಎಲ್ಲಾ ಸ್ವಿಚ್ ಆಫ್, ಬಾಗಲಾ ಮುಚ್ಚಿರಬೇಕು. ಬಲ್ಬ್ ಹತ್ತಬಾರದು. ಪೂರಾ ಬೆಳಕ ಕೊಟ್ಟರ ಎಲ್ಲೋ ವೈರ್ ಬಾಡಿಗೆ ತಾಗೈತಿ ಅಂತ ತಿಳೀರಿ. ಒಂದೊಂದ ವೈರ್ ತಗದು ನೋಡಿದ್ರ ಯಾವುದಕ್ಕ ಬಲ್ಬ್ ಆರತೈತಿ ಅದ ಕಳ್ಳ. ಬಲ್ಬ್ ಕಟ್ಟಿದ್ರ ವೈರ್ ಸುಡೂದಿಲ್ಲ, ಅದ ಅದರ ಉಪಯೋಗ.

ಸೆಲ್ಫ್ ಹೊಡದಾಗ ಮೋಟಾರ್ ಗಿರ್ ಅಂತ ತಿರಗಿ ಇಂಜಿನ್ ತಿರಗದಿದ್ರ ಬೆಂಡಿಕ್ಸ್ (ಸೆಲ್ಫ್ ಮೋಟಾರನ್ನ ಇಂಜಿನ್ನಿಗೆ ಜೋಡಸೂ ಗೇರ್) ಜಾಮ್ ಆಗಿರತೈತಿ. ಬಿಚ್ಚಿ ಸೀಮೆಎಣ್ಣಿಯೊಳಗ ತೊಳದು ಒಣಗಿಸಿ ಹಾಂಗ ಕೂಡಸ್ರಿ. ಗ್ರೀಸ್ ಹಚ್ಚಬ್ಯಾಡ್ರಿ. ಕ್ಲಚ್ ಧೂಳ ಗ್ರೀಸಿಗೆ ಅಂಟಿ ತಿಂಗಳದಾಗ ಮತ್ತ ಜಾಮ್.

ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟಿನ ಗ್ಯಾಪ್ 0.015 ಇಂಚು, ಪ್ಲಗ್ಗಿಂದು 0.025 ಇಂಚು. ಫೀಲರ್ (ಸಂದಿ ಅಳೆಯೂ ತೆಳು ಪಟ್ಟಿ) ಇಲ್ಲಂದ್ರ ಬ್ಲೇಡಿನ ಲೆಕ್ಕ ಮಾಡಬ್ಯಾಡ್ರಿ, ಫೀಲರ್ ಸೆಟ್ ಅಂಥಾ ತುಟ್ಟಿ ಏನಲ್ಲ. ಪಾಯಿಂಟಿನ ಮುಖ ನುಣ್ಣನ ಎಮರಿಯಿಂದ ಒಂದ್ಸಲ ತಿಕ್ಕಿ, ಆಮ್ಯಾಲ ಬಿಳಿ ಹಾಳಿ ನಡುವ ಇಟ್ಟು ಎಳೀರಿ. ಎಮರಿ ಪುಡಿ ಉಳದ್ರ ಕಿಡಿ ಬರೂದಿಲ್ಲ. ಪಾಯಿಂಟ್ ಮ್ಯಾಲಿಂದ ಮ್ಯಾಲೆ ಕರಿ ಆಗಿ ಸುಡಾಕತ್ತರ ಪಾಯಿಂಟಿನ ತಪ್ಪಲ್ಲ, ಕಂಡೆನ್ಸರ್ ಹೋಗೈತಿ.

ಘಾಟಿ ಇಳಿಜಾರು:

ಎಲ್ಲರೂ ಇಂಜಿನ್ ಸ್ಟಾರ್ಟ್ ಮಾಡುವ ಬಗ್ಗೆಯೇ ಬರೆದಿದ್ದೀರಿ. ನಿಲ್ಲಿಸುವ ಬಗ್ಗೆ ಯಾರೂ ಬರೆದಿಲ್ಲ. ಬ್ರೇಕ್ ಆಗದೆ ಗಾಡಿಯನ್ನು ಶೆಡ್ಡಿನಿಂದ ಹೊರಗೆ ತರಬೇಡಿ.

ಬ್ರೇಕ್ ಆಯಿಲ್ ತೇವ ಹೀರುತ್ತದೆ. 11 ಮಳೆಗಾಲದ ತೇವ ಅಂದರೆ ವೀಲ್ ಸಿಲಿಂಡರುಗಳ ಒಳಗೆ ತುಕ್ಕಿನ ಗುಳಿ ಬಿದ್ದೇ ಬಿದ್ದಿರುತ್ತದೆ. ಪೆಡಲ್ ಗಟ್ಟಿ ಸಿಕ್ಕಿತು ಅಂತ ನಂಬಬೇಡಿ. ಪಿಸ್ಟನ್ ಕಚ್ಚಿಕೊಂಡಿದ್ದರೂ ಪೆಡಲ್ ಗಟ್ಟಿಯೇ. ನಾಲ್ಕೂ ಡ್ರಮ್ ಬಿಚ್ಚಿ. ಡ್ರಮ್ ಬರದಿದ್ದರೆ ಹ್ಯಾಂಡ್ ಬ್ರೇಕ್ ಬಿಟ್ಟು, ಅಡ್ಜಸ್ಟರ್ ಪೂರ್ತಿ ಸಡಿಲಿಸಿ, ಡ್ರಮ್ಮಿನ ಅಂಚಿನ ಸುತ್ತ ಮರದ ಕೊಡತಿಯಲ್ಲಿ ತಟ್ಟಿ. ಕಬ್ಬಿಣದ ಸುತ್ತಿಗೆಯಲ್ಲಿ ಹೊಡೆದರೆ ಬೀಡು ಸೀಳುತ್ತದೆ. ಸಿಲಿಂಡರ್ ಒಳಗೆ ಉಗುರಿಗೆ ಸಿಗುವ ಗುಳಿ ಇದ್ದರೆ ಬರೀ ರಬ್ಬರ್ ಕಿಟ್ ಹಾಕುವುದು ದಂಡ, ಸಿಲಿಂಡರೇ ಬದಲಿಸಿ. ಮಾಸ್ಟರ್ ಸಿಲಿಂಡರಿಗೂ ಇದೇ ಮಾತು.

ಹೋಸ್ ಪೈಪುಗಳನ್ನು ನೋಡದೆ ಬದಲಿಸಿ. ಹೊರಗೆ ಚೆನ್ನಾಗಿರುತ್ತದೆ, ಒಳಗೆ ರಬ್ಬರ್ ಊದಿ ದಾರಿ ಮುಚ್ಚಿರುತ್ತದೆ. ಪೆಡಲ್ ಒತ್ತಿದಾಗ ಎಣ್ಣೆ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ. ಬ್ರೇಕ್ ಹಿಡಿದೇ ಇದ್ದು ಡ್ರಮ್ ಹೊಗೆಯಾಡುತ್ತದೆ. ಮೇಸ್ತ್ರಿ ಶೂ ಸಡಿಲಿಸುತ್ತಾರೆ, ಎರಡು ದಿನಕ್ಕೆ ಮತ್ತದೇ.

ಎಣ್ಣೆ ಡಾಟ್ 3, ಹೊಸ ಡಬ್ಬಿ, ಒಂದು ಲೀಟರ್ ಇಟ್ಟುಕೊಂಡರೆ ತೊಳೆದು ತುಂಬಲು ಸಾಕು. ಏರ್ ತೆಗೆಯುವುದು ದೂರದ ಚಕ್ರದಿಂದ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಯಾರಾದರೂ ‘ಸ್ವಲ್ಪ ಇಂಜಿನ್ ಆಯಿಲ್ ಹಾಕಿ ನೋಡೋಣ’ ಅಂದರೆ ಕೈ ಹಿಡಿಯಿರಿ. ಒಂದು ಚಮಚ ಬಿದ್ದರೂ ಅಷ್ಟೂ ರಬ್ಬರ್ ಊದಿ, ಮಾಡಿದ ಕೆಲಸವೆಲ್ಲ ಹಾಳು.

ಮುಂದಿನ ಒಂದೊಂದು ಚಕ್ರಕ್ಕೆ ಎರಡೆರಡು ಸಿಲಿಂಡರ್ ಇರುವ ಜೋಡಣೆ ಇದ್ದರೆ ಇನ್ನೊಂದು ವಿಷಯ ತಲೆಯಲ್ಲಿರಲಿ. ಮುಂದೆ ಹೋಗುವಾಗ ಎರಡೂ ಶೂ ಡ್ರಮ್ಮಿನ ತಿರುಗುವಿಕೆಯಿಂದಲೇ ಬಿಗಿಯಾಗಿ ಕಚ್ಚುತ್ತವೆ. ಹಿಂದಕ್ಕೆ ಜಾರುವಾಗ ಆ ಲಾಭ ಇಲ್ಲ, ಹಿಡಿತ ಬಹಳ ಕಡಿಮೆ. ಏರಿನಲ್ಲಿ ಗಾಡಿ ನಿಂತರೆ ಕ್ಲೀನರ್ ಹುಡುಗ ಮೊದಲು ಹಾರಿ ಹಿಂದಿನ ಚಕ್ರಕ್ಕೆ ಕಟ್ಟಿಗೆ ತುಂಡು ಕೊಡುತ್ತಿದ್ದದ್ದು ಇದಕ್ಕೇ. ಬಾಡಿಗೆ ಕಾರಿನ ಡಿಕ್ಕಿಯಲ್ಲಿ ಆ ತುಂಡು ಸ್ಟೆಪ್ನಿಯಷ್ಟೇ ಖಾಯಂ ಸಾಮಾನು. ನಿಮ್ಮ ಡಿಕ್ಕಿಯಲ್ಲೂ ಹುಡುಕಿ, ಇದ್ದರೂ ಇರಬಹುದು.

ಟಯರ್ 5.90-15. ಬದಿಯಲ್ಲಿ ಬಿರುಕು ಕಂಡರೆ ಗುಂಡಿ (ಟ್ರೆಡ್) ಎಷ್ಟೇ ಉಳಿದಿರಲಿ, ಬದಲಿಸಿ. 11 ವರ್ಷ ಒಂದೇ ಕಡೆ ಭಾರ ಹೊತ್ತದ್ದು ಹೇಗೂ ಚಪ್ಪಟೆಯಾಗಿರುತ್ತದೆ.

ಅಡಿಕೆ ಸೀಮೆ:

ಎಲ್ಲರಿಗೂ ನಮಸ್ಕಾರ. ಇಲ್ಲಿಯವರೆಗಿನ ವರದಿ: ಸಂಪಿನಿಂದ ಮುಕ್ಕಾಲು ಲೋಟ ನೀರು, ಆಮೇಲೆ ಕಪ್ಪು ಎಣ್ಣೆ, ಬಿಳಿ ಇಲ್ಲ. ಮೂರನೇ ದಿನ ಹ್ಯಾಂಡಲ್ಲಿಗೆ ತಿರುಗಿತು. ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ನೋಡಿದರೆ 1, 2, 3ರಲ್ಲಿ ಗಾಳಿ ಬೆರಳನ್ನು ತಳ್ಳುತ್ತದೆ, 4ರಲ್ಲಿ ಏನೂ ಇಲ್ಲ. ರೇಡಿಯೇಟರ್ ಕಡೆಯಿಂದ ಎಣಿಸಿದರೆ ಕಟ್ಟಕಡೆಯ ರಾಕರ್ ಲೊಡಲೊಡ ಅಲ್ಲಾಡುತ್ತದೆ. ಡಿಕ್ಕಿಯಲ್ಲಿ ಕಟ್ಟಿಗೆ ತುಂಡು ಸಿಕ್ಕಿತು.

ರಾಕರ್ ಕವರ್:

8ನೇ ವಾಲ್ವ್, ನಾಲ್ಕನೇ ಸಿಲಿಂಡರಿನ ಎಕ್ಸಾಸ್ಟ್. ತೆರೆದ ಸ್ಥಿತಿಯಲ್ಲೇ ಕಚ್ಚಿಕೊಂಡಿದೆ. ಸ್ಪ್ರಿಂಗ್ ಮೇಲೆತ್ತಲು ಆಗುತ್ತಿಲ್ಲ, ಅದಕ್ಕೇ ರಾಕರ್ ಸಡಿಲ. ಹೆಡ್ ಬಿಚ್ಚುವ ಮೊದಲು ಇಷ್ಟು ಮಾಡಿ.

ಮೊದಲು ಆ ರಾಕರಿನ ಕೆಳಗಿನ ಪುಷ್ ರಾಡ್ ಎಳೆದು ಗಾಜಿನ ಮೇಲೆ ಉರುಳಿಸಿ. ಬಗ್ಗಿದ್ದರೆ ಕುಣಿಯುತ್ತದೆ, ಬದಲಿಸಬೇಕು. ಎಳೆಯುವಾಗ ಸ್ವಲ್ಪ ತಿರುಚಿ ಎಳೆಯಿರಿ, ಇಲ್ಲದಿದ್ದರೆ ಎಣ್ಣೆಯ ಹಿಡಿತಕ್ಕೆ ಕೆಳಗಿನ ಟ್ಯಾಪೆಟ್ ಕೂಡ ಜೊತೆಗೆ ಎದ್ದು ಬಂದು ಒಳಗೆ ಬೀಳುತ್ತದೆ. ಆಮೇಲೆ ಹ್ಯಾಂಡಲ್ ತಿರುಗಿಸಿ ನಾಲ್ಕನೇ ಪಿಸ್ಟನ್ ಅರ್ಧ ಕೆಳಗೆ ಬರುವ ಹಾಗೆ ಮಾಡಿ. ಪ್ಲಗ್ ತೂತಿನಲ್ಲಿ ಉದ್ದ ಸ್ಟ್ರಾ ಇಟ್ಟರೆ ಗೊತ್ತಾಗುತ್ತದೆ. ವಾಲ್ವ್ ಕಾಂಡದ ಸುತ್ತ ಸ್ಪ್ರಿಂಗ್ ಸಂದಿಯಿಂದ ಡೀಸೆಲ್ ಹನಿ ಹನಿ ಬಿಟ್ಟು ಒಂದು ರಾತ್ರಿ ಇಡಿ. ಮರುದಿನ ವಾಲ್ವ್ ತುದಿಯ ಮೇಲೆ ಹಿತ್ತಾಳೆ ಕಡ್ಡಿ ಇಟ್ಟು ಮೆಲ್ಲಗೆ ತಟ್ಟಿ, 2 ಮಿಲಿಮೀಟರಿಗಿಂತ ಹೆಚ್ಚು ಇಳಿಸಬೇಡಿ, ಸ್ಪ್ರಿಂಗ್ ಹಿಡಿದು ಮೇಲೆತ್ತಿ. ಹತ್ತಿಪ್ಪತ್ತು ಸಲ ಆಡಿಸಿದರೆ ಹೆಚ್ಚಿನವು ಬಿಡುತ್ತವೆ. ಬಿಟ್ಟ ಮೇಲೂ ಹೆಬ್ಬೆರಳಿಗೆ ಗಾಳಿ ಸಿಗದಿದ್ದರೆ ಸೀಟ್ ತುಕ್ಕು ತಿಂದಿದೆ. ಆಗ ಹೆಡ್ ಬಿಚ್ಚಿ ಗ್ರೈಂಡ್ ಮಾಡಿಸುವುದೇ.

ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವ್ ತುದಿಗೂ ರಾಕರಿಗೂ ನಡುವಿನ ಸಂದಿ, 0.015 ಇಂಚು. ಈ ಇಂಜಿನ್ನಿಗೆ ಹಳೆ ಮೇಸ್ತ್ರಿಗಳ ‘ಒಂಬತ್ತರ ಲೆಕ್ಕ’ ಇದೆ. ಯಾವ ವಾಲ್ವ್ ಪೂರ್ತಿ ಕೆಳಗಿದೆಯೋ ಆ ಸಂಖ್ಯೆಯನ್ನು 9ರಿಂದ ಕಳೆಯಿರಿ, ಬಂದ ಸಂಖ್ಯೆಯ ವಾಲ್ವ್ ಅಡ್ಜಸ್ಟ್ ಮಾಡಿ. 8 ಕೆಳಗಿದ್ದರೆ 1, 6 ಕೆಳಗಿದ್ದರೆ 3, 4 ಕೆಳಗಿದ್ದರೆ 5, 7 ಕೆಳಗಿದ್ದರೆ 2, ಹೀಗೆ. ಪುಸ್ತಕ ಬೇಕಿಲ್ಲ. ತಣ್ಣಗಿದ್ದಾಗ ಒಮ್ಮೆ ಇಟ್ಟು, ಇಂಜಿನ್ ಬಿಸಿಯಾದ ಮೇಲೆ ಇನ್ನೊಮ್ಮೆ ನೋಡಿ.

ಸ್ಟಾರ್ಟ್ ಮಾಡುವ ದಿನ ಪ್ಲಗ್ ಹಾಕುವ ಮೊದಲು ಸೆಲ್ಫ್ ಹೊಡೆಯಿರಿ, 10 ಸೆಕೆಂಡು ಹೊಡೆದು 30 ಸೆಕೆಂಡು ಬಿಡಿ. ಆಯಿಲ್ ದೀಪ ಆರಿದ ಮೇಲೆ, ಗೇಜ್ ಇದ್ದರೆ ಮುಳ್ಳು ಎದ್ದ ಮೇಲೆಯೇ ಪ್ಲಗ್ಗು.

ಟ್ಯಾಂಕಿನಲ್ಲಿ ಕುಲುಕುವುದು ಪೆಟ್ರೋಲ್ ಅಲ್ಲ, ಅದು ಕೆಟ್ಟು ಅಂಟಾದ ವಾರ್ನಿಶ್. ಅದನ್ನು ಪಂಪಿಗೆ ಬಿಡಬೇಡಿ. ಸದ್ಯಕ್ಕೆ 2 ಲೀಟರ್ ಕ್ಯಾನಿನಿಂದ ಪಂಪಿಗೆ ಪೈಪ್ ಕೊಡಿ. ಕ್ಯಾನ್ ಇಂಜಿನ್ನಿಗಿಂತ ಕೆಳಗೆ, ಬಿಸಿ ಪೈಪಿನಿಂದ ದೂರ ಇರಲಿ. ಟ್ಯಾಂಕ್ ಇಳಿಸಿ, ಎರಡು ಹಿಡಿ ಸಣ್ಣ ಜಲ್ಲಿ ಹಾಕಿ ಕುಲುಕಿ ತೊಳೆದು, ಬಿಸಿಲಿಗೆ ಪೂರ್ತಿ ಒಣಗಿಸಿ. ತೂತಿದ್ದರೆ ವೆಲ್ಡಿಂಗ್ ಅಂಗಡಿಗೆ ಹಾಗೇ ಒಯ್ಯಬೇಡಿ. ಖಾಲಿ ಟ್ಯಾಂಕಿನ ಆವಿಯೇ ಸಿಡಿಯುವುದು. ರೇಡಿಯೇಟರ್ ರಿಪೇರಿಯವರು ನೀರು ತುಂಬಿಸಿಕೊಂಡು ಬೆಸುಗೆ ಹಾಕುವ ಕ್ರಮ ಬಲ್ಲರು.

ಘಾಟಿ ಇಳಿಜಾರು:

ಪೆಟ್ರೋಲ್ ಮಾತು ಬಂದದ್ದಕ್ಕೆ ಸೇರಿಸುತ್ತೇನೆ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ 20 ಶೇಕಡಾ ಎಥೆನಾಲ್. ಹಳೆ ಪಂಪಿನ ಡಯಾಫ್ರಾಮ್, ಪೆಟ್ರೋಲ್ ಪೈಪು, ಕಾರ್ಕ್ ಗ್ಯಾಸ್ಕೆಟ್ ಇದಕ್ಕೆ ಮಾಡಿದ್ದಲ್ಲ. ಕೆಲವೇ ತಿಂಗಳಲ್ಲಿ ಮೆತ್ತಗಾಗಿ ಸೋರುತ್ತವೆ. ಎಥೆನಾಲ್ ತಡೆಯುವ ಪೈಪು, ಡಯಾಫ್ರಾಮ್ ಕೇಳಿ ಹಾಕಿಸಿ. ಎಥೆನಾಲ್ ನೀರನ್ನೂ ಹೀರುತ್ತದೆ, ನಮ್ಮ ಮಲೆನಾಡ ಹವೆಯಲ್ಲಿ ಕೇಳಬೇಕೇ. ಹೆಚ್ಚು ನೀರಾದರೆ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ಕೂತು ತುಕ್ಕು ಹಿಡಿಸುತ್ತದೆ. ಪಂಪಿಗೆ ಮೊದಲು ಒಂದು ಸಣ್ಣ ಟ್ಯಾಪ್ ಹಾಕಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಪ್ ಮುಚ್ಚಿ, ಇಂಜಿನ್ ತಾನಾಗಿ ಆರುವವರೆಗೆ ಓಡಿಸಿ, ಕಾರ್ಬುರೇಟರ್ ಖಾಲಿಯಾಗಲಿ.

ಮಿಶ್ರಣವೂ ಪೇಲವವಾಗುತ್ತದೆ, ಅಂದರೆ ಗಾಳಿಗೆ ತಕ್ಕ ಪೆಟ್ರೋಲ್ ಸಾಲುವುದಿಲ್ಲ. ಎಸ್‌ಯು ಕಾರ್ಬುರೇಟರ್ ಇದ್ದರೆ ಕೆಳಗಿನ ಜೆಟ್ ನಟ್ಟನ್ನು ಎರಡು ಮುಖ ಕೆಳಗೆ ಇಳಿಸಿ ನೋಡಿ. ಕಾರ್ಬುರೇಟರ್ ಒಳಗಿನ ಪಿಸ್ಟನ್ನನ್ನು ಒಂದು ಮಿಲಿಮೀಟರ್ ಎತ್ತಿದಾಗ ಇಂಜಿನ್ ಆರಿದರೆ ಇನ್ನೂ ಪೇಲವ, ಓಟ ಏರಿ ಅಲ್ಲೇ ನಿಂತರೆ ಹೆಚ್ಚಾಯಿತು, ಒಂದು ಕ್ಷಣ ಏರಿ ಇಳಿದರೆ ಸರಿ. ಅದರ ಡ್ಯಾಶ್‌ಪಾಟಿನಲ್ಲಿ ಎಣ್ಣೆ ಇದೆಯಾ ನೋಡಿ. ಒಣಗಿದ್ದರೆ ಎಕ್ಸಲೇಟರ್ ಒತ್ತಿದ ತಕ್ಷಣ ಗಾಡಿ ಮುಗ್ಗರಿಸುತ್ತದೆ, ಜನ ಪ್ಲಗ್ ಬದಲಿಸುತ್ತಾ ಕೂರುತ್ತಾರೆ. ಸೋಲೆಕ್ಸ್ ಕಾರ್ಬುರೇಟರ್ ಇದ್ದರೆ ಈ ಯಾವುದೂ ಅನ್ವಯಿಸುವುದಿಲ್ಲ, ಜೆಟ್ ಬಿಚ್ಚಿ ಗಾಳಿ ಊದಿ. ಸೂಜಿ ಚುಚ್ಚಬೇಡಿ, ತೂತು ದೊಡ್ಡದಾಗುತ್ತದೆ.

ಆರ್‌ಸಿ ಬುಕ್:

ಕಾಗದದ ಕಡೆ ಸ್ವಲ್ಪ. 1989ರ ಜುಲೈಗೆ ಮೊದಲಿನ ‘ಸಿಎ’ ನಂಬರ್ ಈಗಲೂ ನಡೆಯುತ್ತದೆ, ‘ಕೆಎ’ ಮಾಡಿಸಬೇಕಿಲ್ಲ. ಆ ನಂಬರ್ ಕಳೆದುಕೊಂಡವರು ಆಮೇಲೆ ಕೈ ಹಿಸುಕಿಕೊಳ್ಳುತ್ತಾರೆ. ಬಾಡಿಗೆ ಗಾಡಿ ಅಂದಿರಿ, ಆರ್‌ಸಿಯಲ್ಲಿ ಈಗ ಟ್ಯಾಕ್ಸಿ ಅಂತಿದೆಯೋ, ಖಾಸಗಿ ಅಂತಿದೆಯೋ ಮೊದಲು ನೋಡಿ, ದಾರಿ ಬೇರೆ ಬೇರೆ. ಖಾಸಗಿ ಇದ್ದರೆ ಫಾರಂ 25ರಲ್ಲಿ ನವೀಕರಣ, ಗಾಡಿ ತೋರಿಸಬೇಕು, 5 ವರ್ಷಕ್ಕೆ ಸಿಗುತ್ತದೆ. ತಡವಾದದ್ದಕ್ಕೆ ದಂಡ ಪ್ರತ್ಯೇಕ. 2019ರ ಏಪ್ರಿಲ್ 1ಕ್ಕೆ ಮೊದಲಿನ ಗಾಡಿಯಾದ್ದರಿಂದ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್) ಪ್ಲೇಟೂ ಬೇಕು. ‘ವಿಂಟೇಜ್ ಮಾಡಿಸಿ’ ಅನ್ನುವವರ ಮಾತು ಕೇಳಬೇಡಿ. 2021ರ ನಿಯಮದ ಪ್ರಕಾರ ಅದಕ್ಕೆ 50 ವರ್ಷ ತುಂಬಿರಬೇಕು, ನಿಮ್ಮದಕ್ಕೆ 2036ರವರೆಗೆ ಕಾಯಬೇಕು. ಹೊಗೆ ಪರೀಕ್ಷೆಯಲ್ಲಿ ಇಷ್ಟು ಹಳೆ ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ 3 ಶೇಕಡಾ. ಮೇಲೆ ಹೇಳಿದ ಪಿಸ್ಟನ್ ಪರೀಕ್ಷೆ ಮಾಡಿ ಹೊಂದಿಸಿದ್ದರೆ ದಾಟುವುದು ಕಷ್ಟವಲ್ಲ.

ಗದಗ ಫಿಯೆಟ್:

ಜಾತ್ರಿ ದಿನದ್ದು ಒಂದ ಮಾತು ಉಳಿದೈತ್ರಿ. ಫ್ಯಾನ್ ಇಂಜಿನ್ ಬೆಲ್ಟಿಗೆ ಕಟ್ಟಿದ್ದು. ಮಂದಿ ನಡುವ ಫಸ್ಟ್ ಗೇರಿನ್ಯಾಗ ಹೆಜ್ಜಿ ಹೆಜ್ಜಿ ಹೋಗುವಾಗ ಫ್ಯಾನ್ ನಿಧಾನ ತಿರಗತೈತಿ, ಗಾಳಿ ಹತ್ತೂದಿಲ್ಲ, ನೀರು ಕುದೀತೈತಿ. ಅದಕ್ಕ ಮುಂಚಿತವಾಗಿ ರೇಡಿಯೇಟರ್ ಟ್ಯಾಪ್ ಅಷ್ಟ ಅಲ್ಲ, ಬ್ಲಾಕಿನ ಟ್ಯಾಪ್ ಸುದ್ದಾ ಬಿಚ್ಚಿ ನೀರ ಬಿಡ್ರಿ. ಬರದಿದ್ರ ತಂತಿ ಹಾಕಿ ಕೆದರ್ರಿ, ಹಿಂದಿನ ಸಿಲಿಂಡರ್ ಸುತ್ತ ಕೆಸರ ಗಟ್ಟ್ಯಾಗಿ ಕೂತಿರತೈತಿ. ಹೊಸಾ ಕಾರಿನ ಹೆಚ್ಚು ಪ್ರೆಶರಿನ ಕ್ಯಾಪ್ ಹಾಕಬ್ಯಾಡ್ರಿ, ಹಳೇ ರೇಡಿಯೇಟರ್ ಬೆಸಗಿ ಬಿಡತೈತಿ. ಮುಳ್ಳು ಏರಾಕ ಶುರು ಆದ ಕೂಡಲೆ ಬದಿಗಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ ಸ್ವಲ್ಪ ರೇಸ್ ಹಿಡೀರಿ, ಬಾನೆಟ್ ಎತ್ತರಿ. ಕುದ್ದ ಮ್ಯಾಲೆ ಕ್ಯಾಪ್ ಮುಟ್ಟಬ್ಯಾಡ್ರಿ, ಅರ್ಧಾ ತಾಸ ಬಿಟ್ಟು ತಗೀರಿ. ಆಮ್ಯಾಲ ಇಂಜಿನ್ ಚಾಲೂ ಇಟ್ಟ ಸಣ್ಣಂಗ ನೀರ ಹಾಕ್ರಿ, ತಣ್ಣೀರ ಒಮ್ಮೆಲೆ ಸುರುವಿದ್ರ ಹೆಡ್ ಬಿರುಕ ಬಿಡತೈತಿ. ಕ್ಯಾರಿಯರ್ ಹ್ಯಾಂಗೂ ಐತೆಲ್ಲಾ, 20 ಲೀಟರಿನ ಎರಡು ಕ್ಯಾನ್ ಮ್ಯಾಲ ಕಟ್ರಿ. ಹಗ್ಗ ಮಾತ್ರ ಹೊಸಾದಿರಲಿ.